ಬಲಕ್ಕೆ ಇಳಿಜಾರಾದ ಕಲ್ಲು

ಚನ್ನರಾಯಪಟ್ಟಣದ ಹತ್ತಿರ ನಮ್ಮ ತೋಟದಲ್ಲಿ ಬಾವಿ ತೋಡುವಾಗ ಹಳದಿ ಮಿನುಗುವ ಕಪ್ಪು ಕಲ್ಲೊಂದು ಸಿಕ್ಕಿತು. ಅದು ಚಿನ್ನವೇ ಎಂದು ನಂಬಿ, ಅಗೆಯಲು ದೊಡ್ಡಪ್ಪ ತೆಂಗಿನ ಮರಗಳನ್ನೇ ಕಡಿಸಲು ಹೊರಟರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದಿದ್ದ ನಾನು ವಾದಕ್ಕೆ ನಿಂತೆ.

"ಇದು ನೂರಾರು ಕೋಟಿ ವರ್ಷದ ಹಿಂದೆ ಸಮುದ್ರದಡಿ ಉಕ್ಕಿದ ಲಾವಾ. ಆಮೇಲೆ ಬಿರುಕಲ್ಲಿ ಹರಿದ ಬಿಸಿನೀರು ಎಲ್ಲೋ ಒಂಚೂರು ಚಿನ್ನ ಬಿಟ್ಟಿರಬಹುದು. ಇಲ್ಲಿ ಮಿನುಗ್ತಿರೋದು ಬರೀ ಕಬ್ಬಿಣ, ಗಂಧಕ. ಪರೀಕ್ಷೆ ಮಾಡ್ಸಿ ದೊಡ್ಡಪ್ಪ."

"ಚೆಂದಾಗಿ ಮಾತಾಡ್ತೀಯ ಕಣ್ಲಾ. ಕಲ್ಲನ್ನೇ ಕೇಳಾನ."

ಕಲ್ಲಿಗೆ ಹಾಲೆರೆದು, ನೆತ್ತಿಗೆ ಹೂವಿಟ್ಟರು. ಹೂವು ಬಲಕ್ಕೆ ಬಿದ್ದರೆ ಮರ ಕಡಿಯಲು ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ. ಕಲ್ಲೋ ಬಲಕ್ಕೇ ಇಳಿಜಾರು. ತಿರುಗಿಸಿ ಇಡಿ ಅಂದೆ.

"ದೇವರ್ನ ಅಲ್ಲಾಡಿಸ್ಬಾರ್ದು ಕಣ್ಲಾ."

ಹಿಂದಿನ ದಿನವಷ್ಟೇ ಆ ದೇವರನ್ನು ಮಣ್ಣು ಹೊರುವ ಬಾಂಡ್ಲಿಯಲ್ಲಿ ತೋಟದ ಮನೆಗೆ ಹೊತ್ತು ತಂದಿದ್ದರು. ಹೂವು ಬಲಕ್ಕೆ ಜಾರಿತು. ಕಲ್ಲಿಗೆ ಎರೆದಿದ್ದ ಹಾಲು ಬಿಸಿಲಿಗೆ ಹುಳಿಯಾಗಿತ್ತು; ಅದೇ ತೀರ್ಥವೆಂದು ನನ್ನ ಅಂಗೈಗೂ ಬಿತ್ತು. ಹೇಸಿಗೆಯಿಂದ ಹಿತ್ತಲಿಗೆ ಹೋಗಿ ಕೈ ತೊಳೆಯುತ್ತಿದ್ದಾಗ ಮೊದಲ ಮರಕ್ಕೆ ಕೊಡಲಿ ಬಿದ್ದದ್ದು ಕೇಳಿಸಿತು.