ಬೀಜಕ್ಕೆ ಬಿಟ್ಟ ಏಳು ಮರ

ಕಾಗದದ ಮೇಲೆ ಕಾಡು ಉಳಿಸುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಏಕೀಕರಣವಾಗಿ ಎರಡು ವರ್ಷವಾಗಿತ್ತು. ನಾನು ಯಲ್ಲಾಪುರದ ಕಡೆ ಫಾರೆಸ್ಟ್ ಗಾರ್ಡ್ ಆಗಿದ್ದೆ. ಕಾಡು ಬೋಳಿಸಿ ಸಾಗವಾನಿ ನೆಡುವ ಕಾಲ ಅದು. ವರ್ಷಕ್ಕೊಂದು ತುಂಡು ಕಾಡಿಗೆ ಗಡಿ ಹಾಕಿ ಕಡಿಯಲು ಕೊಡುತ್ತಿದ್ದರು. ಅದಕ್ಕೆ ಕೂಪು ಎನ್ನುತ್ತಿದ್ದೆವು. ಆ ಸಲ ಮೇಲಿನಿಂದ ಹೊಸ ಹುಕುಂ ಬಂತು: ಕಾಡಿನ ಜಾತಿ ಅಳಿಯಬಾರದು, ಬೀಜ ಉದುರಿಸಲು ಒಳ್ಳೆಯ ತಾಯಿಮರಗಳನ್ನು ಉಳಿಸಿ, ಅವಕ್ಕೆ ಡಾಂಬರಿನ ಪಟ್ಟೆ ಬಳಿಯಿರಿ. ಕೇಳಿ ನನಗೆ ನಿಜಕ್ಕೂ ಖುಷಿಯಾಯಿತು. ಇಡೀ ಕೂಪು ಸುತ್ತಿ ಏಳು ಮರ ಆರಿಸಿದೆ: ನಾಲ್ಕು ಹೊನ್ನೆ, ಎರಡು ಮತ್ತಿ, ಒಂದು ನಂದಿ. ಎದೆಯೆತ್ತರಕ್ಕೆ ನಾನೇ ಪಟ್ಟೆ ಬಳಿದೆ. ಉಗುರಿನ ಸಂದಿಯ ಡಾಂಬರು ವಾರವಾದರೂ ಹೋಗಲಿಲ್ಲ.

ಬಳಿಯುವಾಗಲೇ ಅಳುಕಿತ್ತು. ನಮ್ಮ ಕಡೆ ಗುರುತು ಬಿದ್ದ ಮರವೆಂದರೆ ಕಡಿಯುವ ಮರ. ಬುಡದ ತೊಗಟೆ ಕೆತ್ತಿ ಸರಕಾರಿ ಸುತ್ತಿಗೆಯ ಮುದ್ರೆ ಹೊಡೆದರೆ ಮುಗಿಯಿತು, ಕೊಡಲಿ ಬೀಳಲೇಬೇಕು. ಘಟ್ಟದ ಕೆಳಗಿನಿಂದ ಬರುವ ಕಡಿತದವರು ಹುಟ್ಟಿದಾಗಿನಿಂದ ಕಂಡದ್ದು ಅದನ್ನೇ. ಮೈಸೂರು ಕಡೆಯಿಂದ ಹೊಸದಾಗಿ ಬಂದ ರೇಂಜರರಿಗೆ ಹೇಳಿದೆ.

“ಸಾಹೇಬ್ರೆ, ಬಾಯಿ ಬಿಟ್ಟು ಹೇಳ್ದೇ ಇದ್ರೆ ಇವ್ರು ಪಟ್ಟೆ ಇದ್ದದ್ದನ್ನೇ ಮೊದ್ಲು ಕಡೀತಾರೆ.”

“ಅದನ್ನ ನಾನು ನೋಡ್ಕೋತೀನಿ. ನೀನು ಬಂಗ್ಲೆಗೆ ಹೋಗು.”

ಇಲಾಖೆಯ ಬಂಗ್ಲೆಯಲ್ಲಿ ದೊಡ್ಡ ಸಾಹೇಬರ ಕ್ಯಾಂಪಿತ್ತು. ಕಾಡು ಉಳಿಸುವ ಬಗ್ಗೆ ಭಾಷಣ ಮಾಡಲು ಬಂದವರಿಗೆ ಸ್ನಾನದ ನೀರು ಕಾಯಿಸಲು ಒಬ್ಬ ಗಾರ್ಡ್ ಬೇಕಿತ್ತು. ಮೂರು ದಿನ ಒಲೆ ಊದಿದೆ.

ರೇಂಜರರು ನೋಡಿಕೊಂಡ ಬಗೆ ಹೀಗೆ: ಇಂಗ್ಲಿಷಿನ ಹುಕುಮಿನ ಮೇಲೆ ಕಡಿತದವರ ಮುಕಾದಮನ ಹೆಬ್ಬೆಟ್ಟು ಒತ್ತಿಸಿಕೊಂಡರು. ಒಂದಕ್ಷರ ಬಿಡಿಸಿ ಹೇಳಲಿಲ್ಲ.

ನಾನು ಕೂಪಿಗೆ ಮರಳಿದಾಗ ಮುಕಾದಮ ಬೀಡಿ ಹಚ್ಚುತ್ತ ಎದುರು ಬಂದ. “ಬನ್ನಿ ಗಾರ್ಡರೆ, ನಿಮ್ಮ ಮಾರ್ಕಿನ ಮರ ಏಳೂ ಉರುಳ್ಸಿ ಆಯ್ತು. ಒಂದೂ ಬಿಟ್ಟಿಲ್ಲ, ಎಣಿಸ್ಕೊಳ್ಳಿ.” ಮುಖದಲ್ಲಿ ಕೆಲಸ ಚೊಕ್ಕ ಮಾಡಿದ ಹೆಮ್ಮೆ. ಪಟ್ಟೆ ಇಲ್ಲದ ಕಾಡೆಲ್ಲ ಸುತ್ತ ಇನ್ನೂ ನಿಂತೇ ಇತ್ತು. ರೇಂಜರರ ಹತ್ತಿರ ಓಡಿದೆ: ಕಡಿತ ಒಂದು ದಿನ ನಿಲ್ಲಿಸಿ, ಬೇರೆ ಏಳು ಮರ ಆರಿಸುತ್ತೇನೆ ಎಂದು ಅಂಗಲಾಚಿದೆ.

“ಉಳಿಸೋ ಏಳು ಮರದ ಪಟ್ಟಿ ಆಗಲೇ ಮೇಲೆ ಹೋಗಿದೆ. ಬೇರೆ ಮರ ತೋರಿಸಿದ್ರೆ ಮೊದಲಿನವು ಎಲ್ಲಿ ಅಂತ ಕೇಳ್ತಾರೆ. ಗಾಳಿಗೆ ಬಿದ್ವು ಅಂತ ಬರಿ.”

“ಎಂತ ಗಾಳಿ ಸಾಹೇಬ್ರೆ? ಈ ಚಳಿಗಾಲದಲ್ಲಿ ಒಂದ್ ಎಲೆನೂ ಅಲುಗಿಲ್ಲ.”

“ನಿನ್ನ ನೌಕರಿ ಅಲುಗಬೇಕೇನಯ್ಯಾ?”

ಬರೆದೆ. ಏಳೂ ಮರದ ಎದುರು ಗಾಳಿ ಎಂದು ಬರೆದು ಸಹಿ ಹಾಕಿದೆ. ಮನೆಯಲ್ಲಿ ಉಣ್ಣುವ ಬಾಯಿ ಆರಿದ್ದವು ಎಂದು ಇವತ್ತಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಸುಳ್ಳಲ್ಲ ಅದು, ಆದರೆ ಸಮಾಧಾನವೂ ಅಲ್ಲ. ಆ ಕಾಗದದವರ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ.

ಉಳಿದ ಕಾಡೂ ಮಳೆಗಾಲದೊಳಗೆ ನೆಲ ಕಚ್ಚಿತು. ಮರುವರ್ಷದ ಕೂಪಿಗೆ ಮತ್ತೆ ಹುಕುಂ ಬಂತು. ರೇಂಜರರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಈ ಸಲ ಕನ್ನಡದಲ್ಲಿ ಬಿಡಿಸಿ ಹೇಳಿದರು. ಬೀಜಕ್ಕೆಂದು ಬಿಟ್ಟ ಮರಗಳು ಈ ಸೀಮೆಯ ಗಾಳಿಗೆ ತಾಳುವುದಿಲ್ಲವೆಂದು ಸ್ಥಳದ ಗಾರ್ಡ್ ಕೊಟ್ಟ ವರದಿಯಿಂದ ಖಚಿತವಾಗಿದೆ. ಆದ್ದರಿಂದ ಇನ್ನು ಮುಂದೆ ಯಾವ ಕೂಪಿನಲ್ಲೂ ಒಂದು ಮರವನ್ನೂ ಬಿಡಬೇಕಾಗಿಲ್ಲ.