ಪರೀಕ್ಷೆಯ ಹೊತ್ತಿಗೆ ಮಗ್ಗ ನಿಲ್ಲಿಸುವ ನಾರಾಯಣಮ್ಮ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದೊಡ್ಡಬಳ್ಳಾಪುರದ ಈ ಗಲ್ಲಿಯಲ್ಲಿ ವಿದ್ಯುತ್ ಮಗ್ಗಗಳು ಆಗಲೇ ಕಿವಿ ಗಡಚಿಕ್ಕುವಂತೆ ಓಡುತ್ತಿವೆ. ನಾರಾಯಣಮ್ಮ ಒಂದೊಂದೇ ಬಾಗಿಲು ಬಡಿದು, ಒಳಗಿನವರಿಗೆ ಕೇಳಿಸಲೆಂದು ಗಂಟಲು ಹರಿಯುವಂತೆ ಕೂಗುತ್ತಾರೆ: "ಅಣ್ಣಾ, ಇವತ್ತು ಲೆಕ್ಕದ ಪೇಪರ್ರು. ಹತ್ತು ಗಂಟೆಗೆ ನಿಲ್ಲಿಸ್ಬಿಡಿ, ಮರೀಬೇಡಿ!"

ಗಲ್ಲಿಯ ಹಿಂದೆಯೇ ಹೈಸ್ಕೂಲು, ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರ. ನಾರಾಯಣಮ್ಮ ಮಗ್ಗದ ಮನೆಯೊಂದರಲ್ಲಿ ನೂಲು ಸುತ್ತುವವರು; ಅವರ ವಾಸವೂ ಅದರ ಗೋಡೆಗೆ ಅಂಟಿಕೊಂಡ ಮನೆಯಲ್ಲೇ. ಈ ಕೂಗುವ ಕೆಲಸವನ್ನು ಅವರಿಗೆ ಯಾರೂ ಒಪ್ಪಿಸಿಲ್ಲ. ಅಲ್ಲಿನ ಮೇಷ್ಟ್ರು ವೇಣುಗೋಪಾಲ್ ಒಮ್ಮೆ ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿದೆ, ಅಷ್ಟೇ. ದಕ್ಷಿಣ ಕೊರಿಯಾದಲ್ಲಿ ಶಾಲೆ ಮುಗಿಸುವ ಮಕ್ಕಳು ಕಾಲೇಜು ಪ್ರವೇಶದ ಪರೀಕ್ಷೆ ಬರೆಯುವಾಗ, ಇಂಗ್ಲಿಷ್ ಕೇಳಿಸಿಕೊಂಡು ಉತ್ತರಿಸುವಷ್ಟು ಹೊತ್ತು ವಿಮಾನ ಏರುವುದೂ ಇಲ್ಲ, ಇಳಿಯುವುದೂ ಇಲ್ಲವಂತೆ. "ಅಲ್ಲಿ ವಿಮಾನಾನೇ ನಿಲ್ಲಿಸ್ತಾರೆ ಸಾರ್. ನಾನು ಕೇಳ್ತಿರೋದು ಬರೀ ಮಗ್ಗ" ಎಂದು ಜೊತೆಯಲ್ಲಿ ನಡೆಯುತ್ತಿರುವ ನನಗೆ ಹೇಳುತ್ತಾರೆ ನಾರಾಯಣಮ್ಮ.

ಮಾರ್ಚ್‌ನಲ್ಲಿ ನಡೆಯುವ ಮೊದಲ ಪರೀಕ್ಷೆಗೆ ಎಲ್ಲರೂ ಒಪ್ಪುತ್ತಾರೆ. ಫಜೀತಿ ಇರುವುದು ಈಗ, ಫೇಲಾದವರ ಎರಡನೇ ಪರೀಕ್ಷೆಯಲ್ಲಿ. ಇಂಗ್ಲೆಂಡಿನಲ್ಲಿ ಇದೇ ವಯಸ್ಸಿನ ಮಕ್ಕಳಿಗೆ ಬೇಸಿಗೆಯ ಪರೀಕ್ಷೆಯಲ್ಲಿ ಗಣಿತ ಕೈಕೊಟ್ಟರೆ ನವೆಂಬರ್‌ವರೆಗೆ ಕಾಯಬೇಕು. ನಮ್ಮಲ್ಲಿ ಮೇ ತಿಂಗಳಲ್ಲೇ ಇನ್ನೊಂದು ಅವಕಾಶ. ಆದರೆ ಊರಿನ ತಾಳ್ಮೆ ಅಷ್ಟರಲ್ಲಿ ಮುಗಿದಿರುತ್ತದೆ. ನಾರಾಯಣಮ್ಮನವರ ಮಾಲೀಕ ಆಂಜಿನಪ್ಪ ರೇಗುತ್ತಾರೆ: "ಓದ್ದೇ ಇರೋರಿಗೆ ನಾನ್ಯಾಕಮ್ಮ ಎರಡೆರಡು ಸಲ ಮಗ್ಗ ನಿಲ್ಲಿಸ್ಲಿ?"

ನಾರಾಯಣಮ್ಮ ಮುಂದಿನ ಬಾಗಿಲಿಗೆ ಹೋಗುತ್ತಾರೆ. ಫೇಲಾದವರಲ್ಲಿ ಅವರ ಮಗಳು ಮಾನಸಳೂ ಇದ್ದಾಳೆ, ಲೆಕ್ಕ ಮತ್ತು ವಿಜ್ಞಾನ ಎರಡರಲ್ಲೂ. ಈ ಸಲವೂ ಹೋದರೆ ಅವಳನ್ನು ತಮ್ಮ ಪಕ್ಕದಲ್ಲೇ ನೂಲು ಸುತ್ತಲು ಕೂರಿಸಬೇಕಾದೀತೆಂಬ ಭಯ ಈ ತಾಯಿಗೆ.

ಹತ್ತಕ್ಕೆ ಗಲ್ಲಿ ತಣ್ಣಗಾಗುತ್ತದೆ. ನಾರಾಯಣಮ್ಮ ಕೂರಲಾರದೆ ಅಡ್ಡಾಡುತ್ತಾರೆ. ನಡುವೆ ಆಂಜಿನಪ್ಪನವರ ಮಗ್ಗವೊಂದು ಮತ್ತೆ ಓಡತೊಡಗುತ್ತದೆ. ಈಕೆ ಎದ್ದುಬಿದ್ದು ಓಡುತ್ತಾರೆ, ಕೈ ಮುಗಿಯುತ್ತಾರೆ, ಸಾಲದೆಂದು ತಾವೇ ಸ್ವಿಚ್ ಆರಿಸಿಬಿಡುತ್ತಾರೆ. ಇದ್ದ ಕೆಲಸವೂ ಹೋಯಿತು ಎಂದುಕೊಳ್ಳುತ್ತೇನೆ. ಆಂಜಿನಪ್ಪ ಬಾಯಿಗೆ ಬಂದಂತೆ ಬೈಯುತ್ತಾರೆ, ಆದರೆ ಮತ್ತೆ ಹಾಕುವುದಿಲ್ಲ.

ಮಧ್ಯಾಹ್ನ ಹೊರಬಂದ ಮಾನಸಳ ಮುಖ ಬಾಡಿದೆ. "ಅಷ್ಟೊಂದು ನಿಶ್ಶಬ್ದ ಇದ್ರೆ ಏನೂ ತೋಚಲ್ಲಮ್ಮ, ಭಯ ಆಗುತ್ತೆ. ಮಧ್ಯೆ ಒಂದು ಮಗ್ಗ ಓಡ್ತಲ್ಲ, ಆಗ್ಲೇ ನಾಕು ಲೆಕ್ಕ ಸರಸರ ಬಂದಿದ್ದು. ಯಾಕಮ್ಮ ನಿಂತೋಯ್ತು?"

ಹುಟ್ಟಿದಂದಿನಿಂದ ಮಗ್ಗದ ಸದ್ದಿನಲ್ಲೇ ಮಲಗಿದ, ಓದಿದ ಹುಡುಗಿ. ಇದು ನನಗೂ ಹೊಳೆದಿರಲಿಲ್ಲ. ನಾರಾಯಣಮ್ಮನವರ ಮುಖ ನೋಡಲು ಸಂಕಟವಾಗುತ್ತದೆ. ವಿಜ್ಞಾನದ ದಿನ ಮತ್ತೆ ಬಾಗಿಲು ಬಡಿಯುತ್ತೀರಾ ಎಂದು ಕೇಳುತ್ತೇನೆ.

"ಬಡೀತೀನಿ ಸಾರ್. ಹಳ್ಳಿಗಳಿಂದ ಬರೋ ಮಕ್ಳು ಈ ಸದ್ದಲ್ಲಿ ಹೆಂಗೆ ಬರೀತವೆ?" ಎನ್ನುತ್ತಾ ಸೆರಗಿನಿಂದ ಮಗಳ ಮುಖ ಒರೆಸುತ್ತಾರೆ. "ಊರ ಮಕ್ಳಿಗೆಲ್ಲಾ ಮಗ್ಗ ನಿಲ್ಲಿಸ್ದೆ, ಇವಳು ಮನೇಲಿ ಓದೋವಾಗ ಒಂದಿನಾನೂ ನಿಲ್ಲಿಸ್ಲಿಲ್ಲ ನೋಡಿ. ಸಂಜೆ ಒಂದು ಗಂಟೆ ಹೊತ್ತು ಮಗ್ಗ ಸುಮ್ನಿರ್ಸಿ ಅಂತ ಆಂಜಿನಪ್ಪಣ್ಣನ್ನ ಕೇಳ್ತೀನಿ. ಬೈದ್ರೆ ಬೈಲಿ. ವಿಜ್ಞಾನಕ್ಕೆ ಇನ್ನೂ ಎರಡು ದಿನ ಐತೆ, ಅಷ್ಟ್ರಲ್ಲಿ ಇವಳು ನಿಶ್ಶಬ್ದ ಕಲೀಲಿ."