ಅಂಚಿನಿಂದ ಹತ್ತು ಅಡಿ

ಅಳತೆಯಣ್ಣ ಗುರುವಾರ ಬೆಳಗ್ಗೆ ತೀರಿಕೊಂಡ. ಸಮುದ್ರದಂಚಿನ ಬಂಡೆಯಿಂದ ಕಾಲು ಜಾರಿ ಬಿದ್ದನೆಂದು ಊರೆಲ್ಲ ಸುದ್ದಿ. ಸುಳ್ಳು. ಕೂತಲ್ಲೇ ಎದೆಬಡಿತ ನಿಂತುಹೋಯಿತು, ಅಷ್ಟೇ. ನಲವತ್ತು ವರ್ಷ ಆ ಬಂಡೆಯ ಮೇಲೆ ಓಡಾಡಿದವನ ಕಾಲು ಒಮ್ಮೆಯೂ ಜಾರಿರಲಿಲ್ಲ.

ಸರ್ವೆ ಕಚೇರಿಯಲ್ಲಿ ಅವನು ಅಳತೆಯ ಸರಪಳಿ ಹಿಡಿಯುವವನಾಗಿದ್ದ. ನಿವೃತ್ತನಾದ ಮೇಲೂ ವರ್ಷಕ್ಕೊಮ್ಮೆ, ನೀರು ಪೂರಾ ಇಳಿದ ದಿನ, ಬಂಡೆಯ ಬುಡಕ್ಕೆ ಹೋಗುತ್ತಿದ್ದ. ಅಲೆ ಕೊರೆದ ಪೊಟರೆಯೊಳಕ್ಕೆ ಉದ್ದನೆಯ ಗಳ ತೂರಿಸಿ, ಎಷ್ಟು ಒಳಹೋಯಿತೆಂದು ಅದರ ಮೇಲೆ ಚಾಕುವಿನಿಂದ ಗೀರು ಹಾಕುತ್ತಿದ್ದ. ಕಚೇರಿಯವರು ಅಳೆಯುತ್ತಿದ್ದುದು ಮೇಲೆ ಮಾತ್ರ, ರಸ್ತೆಯಿಂದ ಅಂಚಿನವರೆಗೆ. ಹನ್ನೊಂದು ವರ್ಷದಿಂದ ಅದು ಒಂದಂಗುಲವೂ ಬದಲಾಗಿರಲಿಲ್ಲ. ಹೇಗೆ ಬದಲಾದೀತು? ಬಂಡೆ ವರ್ಷಕ್ಕಿಷ್ಟು ಎಂದು ಲೆಕ್ಕವಿಟ್ಟು ಸವೆಯುವುದಿಲ್ಲ. ಬುಡ ಟೊಳ್ಳಾಗುತ್ತ ಹೋಗುತ್ತದೆ, ಮೇಲಿನದು ಏನೂ ಆಗದಂತೆ ನಿಂತಿರುತ್ತದೆ, ಒಂದು ದಿನ ಒಟ್ಟಿಗೇ ಕುಸಿಯುತ್ತದೆ.

ಅಂಚಿನಿಂದ ಹತ್ತು ಅಡಿಗೆ ಕಚೇರಿ ಒಂದು ಮರದ ಬೆಂಚು ಹಾಕಿಸಿತ್ತು. ಶಾಲೆಯ ವ್ಯಾನಿಗೆ ಮಕ್ಕಳು ಕಾಯುವುದು ಅಲ್ಲೇ. ಈ ವರ್ಷ ಗಳ ಹದಿನಾಲ್ಕು ಅಡಿ ಒಳಹೋಯಿತು.

ಅವನು ಗಳವನ್ನೇ ಹೆಗಲ ಮೇಲೆ ಹೊತ್ತು ಕಚೇರಿಗೆ ಹೋದ. ಇಂಜಿನಿಯರ್ ನಕ್ಕ.

"ಏನ್ ಅಳತೆಯಣ್ಣ, ದೋಣಿ ಎಲ್ಲಿ ಬಿಟ್ಟೆ?"

"ಸಾರ್, ಮಕ್ಕಳು ಕೂತಿರೋದು ನೆಲದ ಮೇಲಲ್ಲ, ಸೂರಿನ ಮೇಲೆ. ಕೆಳಗೆ ಗೋಡೆ ಇಲ್ಲ."

"ಅಂಚು ಅಲ್ಲೇ ಇದೆಯಲ್ಲಪ್ಪ. ನಮ್ಮ ಫೈಲಲ್ಲಿ ಗಳಕ್ಕೆ ಕಾಲಂ ಇಲ್ಲ."

ಬೆಂಚನ್ನಾದರೂ ತೆಗೆಸಿ ಎಂದರೆ ಅದಕ್ಕೆ ಮೇಲಿನಿಂದ ಆದೇಶ ಬೇಕಂತೆ. ನಾಲ್ಕು ಸಲ ಅಲೆದ. ನಾಲ್ಕನೆಯ ಸಲ ಗೇಟಿನಲ್ಲೇ ತಡೆದರು.

ಈಗ ಅದೇ ಕಚೇರಿ ಗೋಡೆಗೆ ಸಂತಾಪದ ಹಾಳೆ ಅಂಟಿಸಿದೆ. ಅಪಾಯದ ಜಾಗದಲ್ಲಿ ಅನಗತ್ಯವಾಗಿ ಅಡ್ಡಾಡಬೇಡಿ ಎಂದು ಕೆಳಗೊಂದು ಬುದ್ಧಿವಾದ. ಅದು ಅಪಾಯದ ಜಾಗವೆಂಬ ಮಾತು ಇವರ ಬಾಯಿಂದ ಹೊರಡಲು ಒಬ್ಬ ಸಾಯಬೇಕಾಯಿತು. ಅಷ್ಟು ಬರೆದವರೇ ಶುಕ್ರವಾರ ಬೆಂಚನ್ನು ಮತ್ತೆ ಅಂಚಿಗೆ ಒಯ್ದು ನೆಟ್ಟಿದ್ದಾರೆ.

ಮತ್ತೆ ಏಕೆಂದರೆ, ಗುರುವಾರ ಅದನ್ನು ಅವನು ಕಿತ್ತಿದ್ದ. ಬೆಳಗ್ಗೆ ಹಾರೆ ತೆಗೆದುಕೊಂಡು ಹೊರಟವನನ್ನು ಅವನ ಅಕ್ಕ ಬಾಗಿಲಲ್ಲಿ ತಡೆದಳು.

"ಡಾಕ್ಟರು ಕೊಡ ಸಹ ಎತ್ತಬೇಡ ಅಂದಿದಾರೆ ಕಣೋ."

"ಎತ್ತಲ್ಲ ಅಕ್ಕ, ಎಳೀತೀನಿ."

ಒಮ್ಮೆ ಈ ತುದಿ, ಒಮ್ಮೆ ಆ ತುದಿ ಎಳೆಯುತ್ತ, ರಸ್ತೆ ದಾಟಿಸಿ, ಆಚೆಯ ಗೋಡೆಗೆ ಒರಗಿಸಿದ. ಅಷ್ಟರಲ್ಲಿ ಮಕ್ಕಳು ಬಂದರು. ಅವರನ್ನೆಲ್ಲ ಸಾಲಾಗಿ ಕೂರಿಸಿ ತಾನೂ ಕೂತ. ತಡವಾಗಿ ಓಡಿಬಂದ ಒಬ್ಬ ಹುಡುಗಿಗೆ ಜಾಗವಿರಲಿಲ್ಲ. ಅವನು ಬೆಂಚಿನ ಕೊನೆಗೆ ಸರಿದು, ಅವಳಿಗೆ ಜಾಗ ಮಾಡಿಕೊಟ್ಟ.